ಗಾಡಿ ಏರಿ ಹೋದ ಮನೆಗಳು

ಎರಡು ವರ್ಷದಿಂದ ಒಂದು ಹಳೆಯ ಫೋಟೋ ನನ್ನ ಲ್ಯಾಪ್‌ಟಾಪಿನಲ್ಲಿದೆ. ಕುದುರೆಗಳು ಎಳೆಯುತ್ತಿರುವ ಗಾಡಿಯೊಂದರ ಮೇಲೆ ಒಂದು ಇಡೀ ಮನೆ ಕೂತಿದೆ. ಬಾಗಿಲು, ಕಿಟಕಿ, ಇಳಿಜಾರು ಛಾವಣಿ ಎಲ್ಲವೂ ಇರುವ ಪುಟ್ಟ ಮರದ ಮನೆ. ಅದು ಸ್ಯಾನ್ ಫ್ರಾನ್ಸಿಸ್ಕೊ, ಭೂಕಂಪವಾಗಿ ಒಂದೆರಡು ವರ್ಷ ಕಳೆದ ಮೇಲಿನ ದಿನಗಳು.

ನಾನು ಅಧ್ಯಯನ ಮಾಡುತ್ತಿರುವುದು ಮಲಪ್ರಭಾ ದಂಡೆಯ ಊರುಗಳ ಪುನರ್ವಸತಿಯನ್ನು. ಫೋಟೋ ನೋಡಿದ ಮಾರ್ಗದರ್ಶಕರು, "ಅಮೆರಿಕದ ಕುದುರೆ ಗಾಡಿಗೂ ನಿನ್ನ ಹೊಳೆಗೂ ಏನಮ್ಮಾ ಸಂಬಂಧ?" ಎಂದು ಕೇಳಿದರು. ಆಗ ಉತ್ತರ ತೋಚಲಿಲ್ಲ. ಪ್ರಬಂಧದ ಅಧ್ಯಾಯಗಳಲ್ಲಿ ಈ ಮನೆಗಳಿಗೆ ಜಾಗವಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

1906ರ ಏಪ್ರಿಲ್ 18ರ ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಆ ಊರಿನ ನೆಲ ನಡುಗಿತು. ನಡುಗಿದ್ದು ಒಂದು ನಿಮಿಷದಷ್ಟು ಹೊತ್ತು. ಆದರೆ ನೀರಿನ ಕೊಳವೆಗಳು ಒಡೆದದ್ದರಿಂದ ಹೊತ್ತಿಕೊಂಡ ಬೆಂಕಿಯನ್ನು ಆರಿಸಲು ನೀರೇ ಇಲ್ಲದೆ ಊರು ಮೂರು ದಿನಕ್ಕೂ ಹೆಚ್ಚು ಉರಿಯಿತು. ಸುಮಾರು 28,000 ಕಟ್ಟಡಗಳು ಹೋದವು. ಆಗ ಆ ಊರಿನ ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೀದಿಗೆ ಬಿದ್ದರು. ಸತ್ತವರ ಲೆಕ್ಕವನ್ನು ಆಗಿನ ಅಧಿಕಾರಿಗಳು ನೂರುಗಳಲ್ಲೇ ಮುಗಿಸಿದರು. ಈಗ ಇತಿಹಾಸಕಾರರು ಮೂರು ಸಾವಿರಕ್ಕೂ ಹೆಚ್ಚು ಎನ್ನುತ್ತಾರೆ.

ಮೊದಲು ಬಂದದ್ದು ಸೈನ್ಯದ ಗುಡಾರಗಳು. ಉದ್ಯಾನಗಳಲ್ಲಿ, ಪ್ರೆಸಿಡಿಯೊ ಎಂಬ ಸೈನ್ಯದ ನೆಲೆಯಲ್ಲಿ ಸಾಲುಸಾಲಾಗಿ ಅವು ಎದ್ದವು. ಮನೆ ಉಳಿದವರಿಗೂ ಒಳಗೆ ಒಲೆ ಹಚ್ಚುವಂತಿರಲಿಲ್ಲ. ಹೊಗೆಗೂಡು ಬಿರುಕು ಬಿಟ್ಟಿದ್ದರೆ ಮತ್ತೆ ಬೆಂಕಿ ಬಿದ್ದೀತೆಂದು, ತಪಾಸಣೆ ಆಗುವ ತನಕ ಅಡುಗೆಯೆಲ್ಲ ರಸ್ತೆಯಂಚಿನಲ್ಲೇ ನಡೆಯಬೇಕಿತ್ತು. ಶ್ರೀಮಂತರೂ ಬಡವರೂ ಬೀದಿಯಲ್ಲಿ ಒಲೆಯಿಟ್ಟು ಬೇಯಿಸುವ ಚಿತ್ರಗಳು ಆ ಕಾಲದಲ್ಲಿ ಬಹಳ ಅಚ್ಚಾದವು. ಆಪತ್ತು ಎಲ್ಲರನ್ನೂ ಸಮ ಮಾಡಿತು ಎಂಬ ಮಾತು ಆ ಚಿತ್ರಗಳಿಂದಲೇ ಹುಟ್ಟಿತೇನೋ. ಆ ಸಮತೆ ಹೆಚ್ಚು ದಿನ ಉಳಿಯಲಿಲ್ಲ.

ಚಳಿಗಾಲದ ಮಳೆ ಹತ್ತಿರ ಬಂದಂತೆ ಗುಡಾರಗಳು ಸಾಲವು ಎಂಬುದು ಗೊತ್ತಾಯಿತು. 1906ರ ಸೆಪ್ಟೆಂಬರ್‌ನಿಂದ 1907ರ ಮಾರ್ಚ್‌ವರೆಗೆ ಬಡಗಿಗಳು 5,610 ಪುಟ್ಟ ಮನೆಗಳನ್ನು ಕಟ್ಟಿದರು. ರೆಡ್‌ವುಡ್ ಮರದ ಗೋಡೆ, ಫರ್ ಮರದ ನೆಲ, ದೇವದಾರಿನ ಹಲಗೆಬಿಲ್ಲೆಗಳ ಛಾವಣಿ. ಎಲ್ಲಕ್ಕೂ ಒಂದೇ ಹಸಿರು ಬಣ್ಣ, ಉದ್ಯಾನದ ಬೆಂಚುಗಳಿಗೆ ಬಳಿಯುತ್ತಿದ್ದ ಹಸಿರು. ಸಣ್ಣ ಮಾದರಿಯ ಅಳತೆ 10 ಅಡಿಗೆ 14 ಅಡಿ. ಹದಿನಾರು ಸಾವಿರಕ್ಕೂ ಹೆಚ್ಚು ಜನ ಈ ಮನೆಗಳಲ್ಲಿ ಆ ಚಳಿಗಾಲ ಕಳೆದರು.

ಹತ್ತಕ್ಕೆ ಹದಿನಾಲ್ಕು ಎಂದರೆ 140 ಚದರಡಿ, ಸುಮಾರು 13 ಚದರ ಮೀಟರ್. ಇಂದು ಪರಿಹಾರ ಸಂಸ್ಥೆಗಳು ಪಾಲಿಸುವ 'ಸ್ಫಿಯರ್' ಮಾನದಂಡ, ಆಸರೆಯಲ್ಲಿ ಒಬ್ಬ ಮನುಷ್ಯನಿಗೆ ಕನಿಷ್ಠ 3.5 ಚದರ ಮೀಟರ್ ನೆಲ ಬೇಕು ಎನ್ನುತ್ತದೆ. ನಾಲ್ವರಿದ್ದರೆ ಆ ಹಸಿರು ಮನೆ ಅದಕ್ಕೆ ಕೂದಲೆಳೆಯಷ್ಟು ಕಡಿಮೆ. ಈ ಲೆಕ್ಕ ಮಾಡಿದ ರಾತ್ರಿ ನಮ್ಮ ಶೆಡ್ಡಿನ ಲೆಕ್ಕವನ್ನೂ ಮಾಡಿದೆ. ಅದು ಹತ್ತಕ್ಕೆ ಹನ್ನೆರಡು, ಒಳಗೆ ನಾವು ಏಳು ಜನ. ತಲೆಗೆ ಒಂದೂವರೆ ಚದರ ಮೀಟರಿಗಿಂತ ತುಸು ಹೆಚ್ಚು ಬಂತು. ಕಾಲು ಚಾಚಿ ಮಲಗಿದ ನೆನಪೇ ಇಲ್ಲದ್ದಕ್ಕೆ ಕಾರಣ ಸಿಕ್ಕಿತು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಆ ಮಳೆ ಉತ್ತರ ಕರ್ನಾಟಕದವರಿಗೆ ಮರೆಯುವಂಥದ್ದಲ್ಲ. ನಾನಾಗ ಐದನೇ ಇಯತ್ತೆ. ನಮ್ಮದು ಮಣ್ಣಿನ ಗೋಡೆ, ಮೇಲ್ಮುದ್ದಿಯ ಮನೆ. ಹೊಳೆ ನೀರು ನುಗ್ಗಿ ಬಿದ್ದ ಮನೆಗಳಿಗಿಂತ, ಮೂರು ದಿನ ನೆನೆದು ತಮ್ಮ ಭಾರಕ್ಕೇ ಕುಸಿದ ಮನೆಗಳು ನಮ್ಮ ಓಣಿಯಲ್ಲಿ ಜಾಸ್ತಿ. ಶಾಲೆಯಲ್ಲಿ ಕೆಲವು ವಾರ ಇದ್ದು ಪತ್ರಾಸಿನ ಶೆಡ್ಡಿಗೆ ಬಂದೆವು. ಹಗಲು ಒಳಗೆ ಕೂರಲಾಗದ ಝಳ, ಮಳೆ ಬಂದರೆ ಮಾತು ಕೇಳದಷ್ಟು ಸದ್ದು. ಅವ್ವ ಗೊಬ್ಬರದ ಚೀಲ ಬಿಚ್ಚಿ ಹೊಲಿದು ನಡುವೆ ಒಂದು ಪರದೆ ಕಟ್ಟಿದ್ದಳು. 'ತಾತ್ಕಾಲಿಕ' ಎಂಬ ಪದವನ್ನು ನಾನು ಕಲಿತದ್ದು ಆ ಶೆಡ್ಡಿನ ಮೇಲೆ ಬರೆದಿದ್ದ ಅಕ್ಷರಗಳಿಂದ. ಆ ತಾತ್ಕಾಲಿಕದಲ್ಲಿ ಎರಡೂವರೆ ವರ್ಷ ಇದ್ದೆವು.

ಸ್ಯಾನ್ ಫ್ರಾನ್ಸಿಸ್ಕೊದ ಹಸಿರು ಮನೆಗಳ ಗತಿ ಬೇರೆಯಾಯಿತು. ನನ್ನನ್ನು ಹಿಡಿದಿಟ್ಟದ್ದು ಅದೇ. ಅಲ್ಲಿನ ಮನೆಗೆ ಬೆಲೆಯಿತ್ತು, 50 ಡಾಲರ್. ತಿಂಗಳಿಗೆ ಎರಡು ಡಾಲರಿನಂತೆ ಕಟ್ಟುತ್ತ ಹೋದರೆ ಮನೆ ನಿಮ್ಮದೇ. ಆದರೆ ಒಂದು ಷರತ್ತು: ಕಟ್ಟಿ ತೀರಿದ ಮೇಲೆ ಅದನ್ನು ಅಲ್ಲಿಂದ ಎತ್ತಿಕೊಂಡು ಹೋಗಬೇಕು. ಶಿಬಿರಗಳಿದ್ದದ್ದು ಸಾರ್ವಜನಿಕ ಉದ್ಯಾನಗಳಲ್ಲಿ. ಊರಿಗೆ ಅವು ಮರಳಿ ಬೇಕಿತ್ತು. ಹಾಗಾಗಿ ಫೋಟೋದಲ್ಲಿರುವ ಗಾಡಿ. 1907ರ ಆಗಸ್ಟ್ ಹೊತ್ತಿಗೆ ಶಿಬಿರಗಳು ಮುಚ್ಚತೊಡಗಿ 1908ರ ಜೂನ್‌ಗೆ ಕೊನೆಯದೂ ಖಾಲಿಯಾಯಿತು. ಸಾವಿರಾರು ಮನೆಗಳು ಹೀಗೆ ಗಾಡಿ ಏರಿ ಊರಿನ ಅಂಚಿನ ಅಗ್ಗದ ನೆಲ ಸೇರಿದವು. ಒಂದಕ್ಕೊಂದು ಜೋಡಿಸಿ ಎರಡು, ಮೂರು ಕೋಣೆಯ ಮನೆ ಮಾಡಿಕೊಂಡವರಿದ್ದರು. ಬಾಡಿಗೆಯಲ್ಲೇ ಬಾಳಿದ ಎಷ್ಟೋ ಕೂಲಿಕಾರ ಸಂಸಾರಗಳಿಗೆ ಸ್ವಂತ ಮನೆ ಅಂತಾದದ್ದು ಆ ಅನಾಹುತದಿಂದಲೇ.

ಕೆಲವು ಇಂದಿಗೂ ಇವೆ. 1980ರ ದಶಕದಲ್ಲಿ ಜೇನ್ ಕ್ರಯಾನ್ ಎಂಬಾಕೆ ತಾನು ಬಾಡಿಗೆಗಿದ್ದ ಮನೆ ಇಂಥವೇ ನಾಲ್ಕರ ಜೋಡಣೆ ಎಂದು ಕಂಡುಕೊಂಡು, ಉಳಿದವನ್ನು ಹುಡುಕುತ್ತ, ಉಳಿಸಲು ಹೋರಾಡುತ್ತ ಹೋದರು. 1984ರಲ್ಲಿ ಆ ಮನೆ ನಗರದ ಸಂರಕ್ಷಿತ ಸ್ಮಾರಕವಾಯಿತು. ನಿರಾಶ್ರಿತರ ಗುಡಿಸಲು ಸ್ಮಾರಕವಾದದ್ದನ್ನು ಓದಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ.

ಆದರೆ ಮೊದಮೊದಲು ಈ ಕಥೆಯನ್ನು ಗೆಳೆಯರಿಗೆ ಹೇಳುವಾಗ ನಾನು ಒಂದು ತಪ್ಪು ಮಾಡುತ್ತಿದ್ದೆ. ಗಾಡಿಯ ತನಕ ಹೇಳಿ ನಿಲ್ಲಿಸುತ್ತಿದ್ದೆ. ಗಾಡಿ ಸಿಗದವರ ಕಥೆ ಅಷ್ಟು ಚಂದವಿಲ್ಲ. ಸುಟ್ಟ ಪ್ರದೇಶದಲ್ಲಿ ಮತ್ತೆ ಮನೆ ಕಟ್ಟುವವರಿಗೆ ಪರಿಹಾರ ನಿಧಿ ಖರ್ಚಿನ ಮೂರನೇ ಒಂದು ಭಾಗವನ್ನು, 500 ಡಾಲರ್ ಮೀರದಂತೆ, ಕೊಟ್ಟಿತು. ಅದನ್ನು ಪಡೆಯಲು ಮೊದಲು ನಿವೇಶನ ಇರಬೇಕು, ಉಳಿದ ಎರಡು ಭಾಗ ಹಣವೂ ಇರಬೇಕು. ಅಂದರೆ ಇದ್ದವರಿಗೆ ಹೆಚ್ಚು, ಇಲ್ಲದವರಿಗೆ ಹತ್ತಕ್ಕೆ ಹದಿನಾಲ್ಕರ ಮನೆ. ಮುದುಕರನ್ನೂ ನಿಶ್ಶಕ್ತರನ್ನೂ ಇಂಗಲ್‌ಸೈಡ್ ರೇಸ್ ಕೋರ್ಸಿನ ಕುದುರೆ ಲಾಯಗಳಲ್ಲಿ ಇರಿಸಿದರು. ಚೀನೀಯರ ಶಿಬಿರವನ್ನಂತೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿ ಹಾಕುತ್ತಲೇ ಇದ್ದರು. ಅವರ ಕಡೆಯಿಂದ ಬೀಸುವ ಗಾಳಿ ವಾಸನೆ ತರುತ್ತದೆ ಎಂಬ ದೂರೂ ಇತ್ತು. ಈ ನೆಪದಲ್ಲಿ ಚೈನಾಟೌನನ್ನೇ ಊರಾಚೆ ಸಾಗಿಸುವ ಯೋಜನೆ ಸಿದ್ಧವಾಗಿತ್ತು. ಚೀನಾ ಸರ್ಕಾರದ ಪ್ರತಿನಿಧಿಗಳು ನಮ್ಮ ಕಚೇರಿಯನ್ನು ಹಳೆಯ ಜಾಗದಲ್ಲೇ ಕಟ್ಟುತ್ತೇವೆ ಎಂದು ಪಟ್ಟು ಹಿಡಿದರು, ಅಲ್ಲಿನ ವ್ಯಾಪಾರಿಗಳೂ ಜಗ್ಗಲಿಲ್ಲ. ಯೋಜನೆ ಬಿದ್ದುಹೋಯಿತು.

ಮೇರಿ ಕೆಲ್ಲಿ ಎಂಬ ಹೆಂಗಸಿನ ವಿಷಯ ನನಗೆ ತಡವಾಗಿ ಸಿಕ್ಕಿತು. ನಿರಾಶ್ರಿತರಿಗೆಂದು ದೇಶವೆಲ್ಲ ಕೊಟ್ಟ ದುಡ್ಡಿನಲ್ಲಿ ಕಟ್ಟಿದ ಮನೆಗೆ ನಿರಾಶ್ರಿತರೇ ಏಕೆ ಬಾಡಿಗೆ ಕೊಡಬೇಕು ಎಂಬುದು ಆಕೆಯ ಪ್ರಶ್ನೆ. ಒಂದು ಹಸಿರು ಮನೆ ಹೊಕ್ಕು ಕೂತಳು, ಬಾಡಿಗೆ ಕೊಡಲಿಲ್ಲ, ಹೊರಗೂ ಬರಲಿಲ್ಲ. ಆಕೆ ಒಳಗಿದ್ದಂತೆಯೇ ಮನೆಯನ್ನು ಗಾಡಿಗೇರಿಸಿ ಸಾಗಿಸಿದರು. ಆಗಲೂ ಇಳಿಯದಿದ್ದಾಗ ಸುತ್ತಲಿನ ಹಲಗೆಗಳನ್ನು ಕಿತ್ತರು. ಇದನ್ನು ಓದಿದ ಮೇಲೆ ನನ್ನ ಪ್ರೀತಿಯ ಫೋಟೋ ಮೊದಲಿನಂತೆ ಕಾಣುವುದಿಲ್ಲ. ಆ ಕಿಟಕಿಯ ಹಿಂದೆ ಯಾರಾದರೂ ಕೂತಿದ್ದಾರೆಯೇ ಎಂದು ದೊಡ್ಡದು ಮಾಡಿ ನೋಡುತ್ತೇನೆ.

ನಮಗೆ ಬಾಡಿಗೆಯಿರಲಿಲ್ಲ. ಅದು ಒಳ್ಳೆಯದೇ. ಆದರೆ ಶೆಡ್ಡು ಎಂದೂ ನಮ್ಮದಾಗುವಂತೆಯೂ ಇರಲಿಲ್ಲ. ಎರಡೂವರೆ ವರ್ಷದ ಬಳಿಕ ದಿನ್ನೆಯ ಮೇಲಿನ ಹೊಸ ಊರಿನಲ್ಲಿ ಮನೆ ಕೊಟ್ಟರು. ಬೀಗ ಸಿಕ್ಕಿತು, ಹಕ್ಕುಪತ್ರ ಇಲ್ಲ. ಸಿಮೆಂಟಿನ ಗೋಡೆ, ಎರಡು ಕೋಣೆ. ಆಯಿ ಒಳಗೆ ಕಾಲಿಟ್ಟವಳೇ ಕೇಳಿದ್ದು, "ಗ್ವಾದ್ಲಿ ಎಲ್ಲೈತಿ?" ನಮ್ಮ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ದನ, ಆಮೇಲೆ ಕಟ್ಟೆ ಹತ್ತಿದರೆ ಮನುಷ್ಯರು. ಹೊಸ ಮನೆಯ ನಕ್ಷೆ ಹಾಕಿದವರಿಗೆ ದನ ನೆನಪಾಗಿರಲಿಲ್ಲ. ಆಯಿ ಎರಡು ಎಮ್ಮೆಗಳ ಜೊತೆ ಹೊಳೆದಂಡೆಯ ಊರಿಗೇ ಮರಳಿದಳು. ಬಿದ್ದ ಗೋಡೆಯ ಮಣ್ಣನ್ನೇ ಕಲಸಿ ಅಪ್ಪ ಒಂದು ಕೋಣೆ ಎಬ್ಬಿಸಿದ. ಮೇಲೆ ಹೊದಿಸಿದ್ದು ಶೆಡ್ಡಿನದೇ ನಾಲ್ಕು ಪತ್ರಾಸು. ಹಾಗೆ ಒಯ್ಯಬಾರದಿತ್ತು, ಎಲ್ಲರೂ ಒಯ್ದರು.

ಹತ್ತು ವರ್ಷಕ್ಕೆ, 2019ರ ಆಗಸ್ಟ್‌ನಲ್ಲಿ, ಹೊಳೆ ಮತ್ತೆ ಬಂತು. ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ರಾತ್ರೋರಾತ್ರಿ ಓಣಿ ಹೊಕ್ಕಿತು. ಆಯಿ ಎಮ್ಮೆಗಳ ಕಣ್ಣಿ ಬಿಚ್ಚಿ, ತಾನು ಟ್ರ್ಯಾಕ್ಟರ್ ಹತ್ತಿ ದಿನ್ನೆಗೆ ಬಂದಳು. ನೋಡುವವರಿಗೆ ಇದು ಹಟಮಾರಿತನ. ಸುರಕ್ಷಿತ ಮನೆ ಕೊಟ್ಟರೂ ಜನ ಹೋಗುವುದಿಲ್ಲ ಎಂಬ ದೂರನ್ನು ಕ್ಷೇತ್ರಕಾರ್ಯದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹೊಲ ಮತ್ತು ದನ ಹೊಳೆಯ ಬಳಿ, ಮನೆ ಮಾತ್ರ ಮೂರು ಕಿಲೋಮೀಟರ್ ಆಚೆ ಎಂದರೆ ಬದುಕು ಯಾವ ಕಡೆ ವಾಲುತ್ತದೆ ಎಂದು ಯಾರೂ ಕೇಳಿದ್ದನ್ನು ಕಾಣೆ.

ಕಳೆದ ದಸರೆಗೆ ಊರಿಗೆ ಹೋದಾಗ ಆಯಿಗೆ ಗಾಡಿಯ ಫೋಟೋ ತೋರಿಸಿದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವಳಿಗೆ ಚೆನ್ನಾಗಿ ಕಾಣುತ್ತದೆ. ಮೊದಲು ಕುದುರೆಗಳನ್ನು ನೋಡಿದಳು, ಆಮೇಲೆ ಮನೆಯನ್ನು.

"ಮನಿ ಅವರದ ಅಂದಿ. ಇಳಸೂ ಜಾಗಾನೂ ಅವರದ ಏನು?"

"ಕೊಂಡವರದು ಅವರದ ಆಯಿ. ಎಲ್ಲಾರಿಗೂ ಕೊಳ್ಳಾಕ ಆಗಲಿಲ್ಲ."

"ಹಂಗಂದ್ರ ಉಳದಾವ್ರು ಗಾಡಿ ಎಲ್ಲಿ ನಿಂದರಸಿದ್ರು?"

ಅದಕ್ಕೆ ನನ್ನ ಬಳಿ ಇನ್ನೂ ಪೂರಾ ಉತ್ತರವಿಲ್ಲ. ಆಯಿ ಕಾಯಲಿಲ್ಲ, ಎಮ್ಮೆಗೆ ನೀರಿಡುವ ಹೊತ್ತಾಗಿತ್ತು. ಕೊಟ್ಟಿಗೆಯ ಮೇಲೆ ಆ ನಾಲ್ಕು ಪತ್ರಾಸುಗಳು ಇನ್ನೂ ಇವೆ, ಗಾಳಿಗೆ ಹಾರದಂತೆ ಕಲ್ಲು ಹೇರಿದ್ದಾರೆ. ಒಂದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಶೆಡ್ಡಿನ ನಂಬರು ಅರ್ಧ ಮಾಸಿದೆ.