ಔಷಧಕ್ಕಿಂತ ಮೊದಲೇ ಬಂದ ಪಟ್ಟಿ

2018ರ ಮಾರ್ಚ್‌ನಲ್ಲಿ ನಟ ಇರ್ಫಾನ್ ಖಾನ್ ತಮಗೆ ನ್ಯೂರೋಎಂಡೋಕ್ರೈನ್ ಗಡ್ಡೆ ಇದೆ ಎಂದು ತಿಳಿಸಿದಾಗ ನಮ್ಮಲ್ಲಿ ಅನೇಕರು ಆ ಹೆಸರನ್ನು ಮೊದಲ ಸಲ ಕೇಳಿದೆವು. ‘ನ್ಯೂರೋ’ ಎಂದ ಮಾತ್ರಕ್ಕೆ ಅದು ಮಿದುಳಿನದೇ ಆಗಬೇಕಿಲ್ಲ ಎಂದು ಅವರೇ ಹೇಳಬೇಕಾಯಿತು. ಹಾರ್ಮೋನ್ ತಯಾರಿಸುವ ಸಣ್ಣ ಜೀವಕೋಶಗಳು ನಮ್ಮ ಕರುಳು, ಮೇದೋಜೀರಕ ಗ್ರಂಥಿ, ಶ್ವಾಸಕೋಶಗಳಲ್ಲೆಲ್ಲ ಹರಡಿಕೊಂಡಿವೆ. ಈ ಗಡ್ಡೆ ಅಲ್ಲಿ ಹುಟ್ಟುತ್ತದೆ.

ಇಂಥ ಗಡ್ಡೆ ಇರುವ ಹಲವರಿಗೆ ತಿಂಗಳಿಗೊಮ್ಮೆ ಒಂದು ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ. ಆಕ್ಟ್ರಿಯೋಟೈಡ್ ಅಥವಾ ಲ್ಯಾನ್ರಿಯೋಟೈಡ್ ಎಂದು ಅದರ ಹೆಸರು. ಅದು ಎಷ್ಟೋ ಜನರ ಬದುಕನ್ನು ಹಳಿಗೆ ತಂದಿದೆ. ಹಾಗೆಯೇ ಹೊಟ್ಟೆಯುಬ್ಬರ, ಜಿಡ್ಡು ಮಲ, ಪಿತ್ತಕೋಶದ ಕಲ್ಲು, ಏರುಪೇರಾಗುವ ಸಕ್ಕರೆ ಇವುಗಳನ್ನೂ ಜೊತೆಗೆ ತಂದಿದೆ. ಈ ತೊಂದರೆಗಳಲ್ಲಿ ಮುಖ್ಯವಾದವು ಔಷಧ ಹುಟ್ಟುವ ಮೊದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದ್ದವು. ಅದು ಹೇಗೆ ಎಂದು ತಿಳಿದರೆ ಅವುಗಳೊಂದಿಗೆ ಬದುಕುವ ದಾರಿಯೂ ಸ್ವಲ್ಪ ಸ್ಪಷ್ಟವಾಗುತ್ತದೆ.

ಕಥೆ ಮ್ಯೂನಿಕ್‌ನಿಂದ ಶುರು. 1907ರಲ್ಲಿ ಅಲ್ಲಿನ ರೋಗಶಾಸ್ತ್ರಜ್ಞ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಸಣ್ಣ ಕರುಳಿನ ಕೆಲವು ಗಡ್ಡೆಗಳಿಗೆ ‘ಕಾರ್ಸಿನಾಯ್ಡ್’ ಎಂದು ಹೆಸರಿಟ್ಟ. ಕ್ಯಾನ್ಸರಿನಂತೆ ಕಾಣುವುದು, ಆದರೆ ಅಷ್ಟು ಕೆಟ್ಟದ್ದಲ್ಲ ಎಂಬ ಅರ್ಥದಲ್ಲಿ. ಅವು ಹರಡಬಲ್ಲವು ಎಂದು 1929ರಲ್ಲಿ ತಾನೇ ತಿದ್ದಿಕೊಂಡ. ಯಹೂದಿಯಾಗಿದ್ದ ಅವನನ್ನು 1933ರಲ್ಲಿ ಕೆಲಸದಿಂದ ತೆಗೆದರು. ಇಸ್ತಾಂಬುಲ್‌ಗೆ ಹೋಗಿ ನೆಲೆಸಿದ ಅವನು 1944ರಲ್ಲಿ ತೀರಿಕೊಂಡ. 1950ರ ದಶಕದಲ್ಲಿ ಈ ಗಡ್ಡೆಗಳು ಸೆರೊಟೋನಿನ್ ಸುರಿಸುತ್ತವೆ ಎಂಬುದು ಗೊತ್ತಾಯಿತು. ಇದ್ದಕ್ಕಿದ್ದಂತೆ ಮುಖ ಕೆಂಪೇರುವುದು, ದಿನಕ್ಕೆ ಹತ್ತಾರು ಸಲ ನೀರಿನಂಥ ಭೇದಿ, ಹೃದಯದ ಬಲಭಾಗದ ಕವಾಟಗಳು ಕೆಡುವುದು, ಇವೆಲ್ಲ ಒಂದೇ ಕಾಯಿಲೆಯ ಮುಖಗಳು ಎಂಬುದೂ ತಿಳಿಯಿತು. ಆದರೆ ಸುರಿಯುವುದನ್ನು ನಿಲ್ಲಿಸುವ ಉಪಾಯ ಯಾರಿಗೂ ಗೊತ್ತಿರಲಿಲ್ಲ.

ಉಪಾಯ ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ರೋಜರ್ ಗಿಲ್ಮಿನ್ ಅವರ ತಂಡ ಕುರಿಗಳ ಮಿದುಳಿನ ಹೈಪೊಥಲಾಮಸ್ ಭಾಗವನ್ನು ಅರೆದು, ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುವ ವಸ್ತುವಿಗಾಗಿ ಹುಡುಕುತ್ತಿತ್ತು. ಕಂಡದ್ದು ತದ್ವಿರುದ್ಧ: ಆ ಹಾರ್ಮೋನನ್ನು ತಡೆಯುವ ವಸ್ತು. ಪಾಲ್ ಬ್ರಾಜೋ ಮತ್ತು ಸಂಗಡಿಗರು 1973ರಲ್ಲಿ ಅದನ್ನು ಪ್ರಕಟಿಸಿದರು. 14 ಅಮೈನೊ ಆಮ್ಲಗಳ ಆ ಸಣ್ಣ ಸರಪಳಿಗೆ ಸೊಮಾಟೊಸ್ಟಾಟಿನ್ ಎಂದು ಹೆಸರಾಯಿತು. ಗಿಲ್ಮಿನ್ ಅವರಿಗೆ 1977ರಲ್ಲಿ ನೊಬೆಲ್ ಬಂತು.

ಅಷ್ಟರಲ್ಲಿ ಸಿಯಾಟಲ್‌ನ ಸಂಶೋಧಕರು ಅದನ್ನು ಬಬೂನ್ ಕೋತಿಗಳಿಗೆ ಕೊಟ್ಟು ನೋಡಿದ್ದರು. ಅವುಗಳ ಇನ್ಸುಲಿನ್ ಇಳಿಯಿತು, ಗ್ಲುಕಗಾನ್ ಕೂಡ ಇಳಿಯಿತು. ಇದು ಬೆಳವಣಿಗೆಯ ಹಾರ್ಮೋನನ್ನಷ್ಟೇ ತಡೆಯುವ ವಸ್ತುವಲ್ಲ ಎಂಬುದು ಆಗ ಗೊತ್ತಾಯಿತು. ಮುಂದೆ ಮೇದೋಜೀರಕ ಗ್ರಂಥಿಯಲ್ಲಿ, ಜಠರದಲ್ಲಿ, ಕರುಳಿನಲ್ಲಿ ಇದೇ ವಸ್ತು ಪತ್ತೆಯಾಯಿತು. ಹೊಟ್ಟೆಯ ಎಷ್ಟೋ ನಲ್ಲಿಗಳನ್ನು ತಿರುಗಿಸಿ ಮುಚ್ಚುವ ಕೈ ಇದೊಂದೇ.

ನಮ್ಮ ಕಥೆಯ ತಿರುವು 1977ರದು. ಆ ವರ್ಷ ಇಬ್ಬರು ರೋಗಿಗಳ ವಿವರ ಬೇರೆ ಬೇರೆ ಪತ್ರಿಕೆಗಳಲ್ಲಿ ಬಂತು. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಹೊಟ್ಟೆ ತೆರೆದಾಗ ಆಕಸ್ಮಿಕವಾಗಿ ಮೇದೋಜೀರಕ ಗ್ರಂಥಿಯ ಗಡ್ಡೆ ಕಂಡಿತ್ತು. ಆ ಗಡ್ಡೆ ತಯಾರಿಸುತ್ತಿದ್ದದ್ದು ಸೊಮಾಟೊಸ್ಟಾಟಿನ್. ಅಂದರೆ ಈ ತಡೆಯುವ ಹಾರ್ಮೋನ್ ದೇಹದಲ್ಲಿ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ನಿಸರ್ಗವೇ ಪ್ರಯೋಗ ಮಾಡಿ ತೋರಿಸಿತ್ತು. 1979ರ ಹೊತ್ತಿಗೆ ವೈದ್ಯರು ಇದನ್ನು ಒಂದು ಪ್ರತ್ಯೇಕ ಲಕ್ಷಣಕೂಟವೆಂದು ವಿವರಿಸಿದರು. ಅದರಲ್ಲಿ ಎದ್ದು ಕಾಣುವುದು ಮೂರು: ಪಿತ್ತಕೋಶದ ಕಲ್ಲು, ಸಕ್ಕರೆ ಕಾಯಿಲೆ, ಜಿಡ್ಡು ಮಲ.

ಔಷಧ ಬಂದದ್ದು ಅದರ ನಂತರ. ಸಹಜ ಸೊಮಾಟೊಸ್ಟಾಟಿನ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ, ಹಾಗಾಗಿ ಅದನ್ನು ಡ್ರಿಪ್ ಮೂಲಕ ಹರಿಸುತ್ತಲೇ ಇರಬೇಕು. 1982ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸ್ಯಾಂಡೋಜ಼್ ಕಂಪನಿಯ ರಸಾಯನಶಾಸ್ತ್ರಜ್ಞರು ಸರಪಳಿಯನ್ನು 8 ಅಮೈನೊ ಆಮ್ಲಗಳಿಗೆ ಇಳಿಸಿ ಹೆಚ್ಚು ಹೊತ್ತು ಬಾಳುವ ಆಕ್ಟ್ರಿಯೋಟೈಡ್ ರೂಪಿಸಿದ್ದನ್ನು ಪ್ರಕಟಿಸಿದರು. 1986ರಲ್ಲಿ ಮೇಯೊ ಕ್ಲಿನಿಕ್‌ನ ಲ್ಯಾರಿ ಕ್ವೋಲ್ಸ್ ಮತ್ತು ಸಂಗಡಿಗರು ಇದನ್ನು ದಿನಕ್ಕೆ ಮೂರು ಸಲದಂತೆ 25 ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. 22 ಮಂದಿಗೆ ಮುಖ ಕೆಂಪೇರುವುದು, ಭೇದಿ ಎರಡೂ ಬೇಗನೆ ಹತೋಟಿಗೆ ಬಂದವು. ಮನೆಯಿಂದ ಹೊರಗೆ ಕಾಲಿಡಲು ಹೆದರುತ್ತಿದ್ದವರಿಗೆ ಅದು ಎಷ್ಟು ದೊಡ್ಡ ಬಿಡುಗಡೆ ಎಂದು ಊಹಿಸಬಹುದು. 1990ರ ದಶಕದ ಕೊನೆಗೆ ತಿಂಗಳಿಗೊಮ್ಮೆ ಕೊಡುವ ರೂಪ ಬಂತು. ಗಡ್ಡೆಯ ಬೆಳವಣಿಗೆಯನ್ನೂ ಈ ಔಷಧಗಳು ನಿಧಾನಿಸುತ್ತವೆ ಎಂದು 2009ರಲ್ಲಿ ಜರ್ಮನಿಯ ಪ್ರೊಮಿಡ್ ಅಧ್ಯಯನ, 2014ರಲ್ಲಿ ಲ್ಯಾನ್ರಿಯೋಟೈಡ್ ಕುರಿತ ಕ್ಲಾರಿನೆಟ್ ಅಧ್ಯಯನ ತೋರಿಸಿದವು. ಅಲ್ಲಿಂದ ಹಲವರಿಗೆ ಈ ಇಂಜೆಕ್ಷನ್ ವರ್ಷಗಟ್ಟಲೆಯ ಸಂಗಾತಿಯಾಯಿತು. ಹಳೆಯ ಪಟ್ಟಿಯೂ ಅದರ ಜೊತೆಗೇ ಮನೆಗೆ ಬಂತು.

ಗಡ್ಡೆಯ ನಲ್ಲಿಯನ್ನು ಮುಚ್ಚುವ ಕೈಯೇ ಪಿತ್ತಕೋಶದ ನಲ್ಲಿಯನ್ನೂ ಮುಚ್ಚುತ್ತದೆ. ಊಟವಾದ ಮೇಲೆ ಪಿತ್ತಕೋಶ ಹಿಂಡಿಕೊಂಡು ಪಿತ್ತರಸವನ್ನು ಹೊರಬಿಡಬೇಕು. ಆ ಸಂದೇಶವನ್ನು ಔಷಧ ತಡೆದಾಗ ರಸ ನಿಂತು ಗಟ್ಟಿಯಾಗಿ ಕಲ್ಲಾಗುತ್ತದೆ. ಬಹಳಷ್ಟು ಕಲ್ಲುಗಳು ತೊಂದರೆ ಕೊಡದೆ ಇರುತ್ತವೆ, ಹಾಗಾಗಿ ಆಗಾಗ ಸ್ಕ್ಯಾನ್‌ನಲ್ಲಿ ನೋಡುತ್ತಿದ್ದರೆ ಸಾಕಾಗಬಹುದು. ಬಲ ಪಕ್ಕೆಲುಬಿನ ಕೆಳಗೆ ಬಿಡದ ನೋವು, ಜ್ವರ, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರ ಮರುದಿನಕ್ಕೆ ಕಾಯಬಾರದು. ಗಡ್ಡೆಗಾಗಿ ಹೇಗೂ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗುವುದಿದ್ದರೆ ಪಿತ್ತಕೋಶವನ್ನೂ ಆಗಲೇ ತೆಗೆಯಬೇಕೇ ಎಂದು ಸರ್ಜನ್ನರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಅತಿ ಹೆಚ್ಚು ಗೊಂದಲ ಭೇದಿಯಲ್ಲಿ. ಮನೆಯಲ್ಲಿ ಎಲ್ಲಕ್ಕೂ ನಾವು ಅದೊಂದೇ ಮಾತು ಬಳಸುತ್ತೇವೆ. ಗಡ್ಡೆಯಿಂದ ಬರುವುದು ನೀರಿನಂತಿರುತ್ತದೆ, ಊಟ ಬಿಟ್ಟರೂ ನಿಲ್ಲದಿರಬಹುದು. ಇಂಜೆಕ್ಷನ್‌ನಿಂದ ಆಗುವುದು ಬೇರೆ: ಜೀರ್ಣರಸ ಕಡಿಮೆಯಾಗಿ ಕೊಬ್ಬು ಕರಗದೆ ಹೊರಬೀಳುತ್ತದೆ. ಮಲದ ಬಣ್ಣ ಪೇಲವ, ವಾಸನೆ ಕೆಟ್ಟದು, ನೀರಿನ ಮೇಲೆ ತೇಲುತ್ತದೆ, ಎಷ್ಟು ನೀರು ಹಾಕಿದರೂ ಅಂಟಿಕೊಂಡಿರುತ್ತದೆ. ಕರುಳಿನ ಕೊನೆಯ ಭಾಗವನ್ನು ತೆಗೆದವರಿಗೆ ಪಿತ್ತರಸದಿಂದಲೂ ಭೇದಿಯಾಗಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಎರಡನೆಯದನ್ನು ಮೊದಲನೆಯದೆಂದು ತಿಳಿದು ಇಂಜೆಕ್ಷನ್ ಹೆಚ್ಚಿಸಿದರೆ ತೊಂದರೆಯೂ ಹೆಚ್ಚುತ್ತದೆ. ಅದಕ್ಕೆ ಬೇಕಾದದ್ದು ಊಟದ ಜೊತೆಗೇ ನುಂಗುವ ಕಿಣ್ವದ ಕ್ಯಾಪ್ಸೂಲ್. ಊಟ ಮುಗಿಸಿ ಎದ್ದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ. ಈ ಕ್ಯಾಪ್ಸೂಲ್‌ಗಳನ್ನು ಸಾಮಾನ್ಯವಾಗಿ ಹಂದಿಯ ಮೇದೋಜೀರಕ ಗ್ರಂಥಿಯಿಂದ ತಯಾರಿಸುತ್ತಾರೆ. ಅದರ ಬಗ್ಗೆ ಮನಸ್ಸಿನಲ್ಲಿ ಅಳುಕಿದ್ದರೆ ಸುಮ್ಮನೆ ಬಿಟ್ಟುಬಿಡುವ ಬದಲು ವೈದ್ಯರ ಬಳಿ ಹೇಳಿಕೊಳ್ಳಬೇಕು. ಕೊಬ್ಬಿನ ಜೊತೆಗೆ ಎ, ಡಿ, ಇ, ಕೆ ಜೀವಸತ್ವಗಳೂ ಹೊರಹೋಗುತ್ತವೆ. ವರ್ಷಗಟ್ಟಲೆ ಇಂಜೆಕ್ಷನ್ ತೆಗೆದುಕೊಳ್ಳುವವರು ಬಿ12 ಮಟ್ಟವನ್ನೂ ನೋಡಿಸಬೇಕು.

ಸಕ್ಕರೆಯದು ಸಿಯಾಟಲ್‌ನ ಕೋತಿಗಳ ಕಥೆಯೇ. ಇನ್ಸುಲಿನ್ ಇಳಿದಾಗ ಸಕ್ಕರೆ ಏರುತ್ತದೆ. ಅದನ್ನು ಏರಿಸುವ ಗ್ಲುಕಗಾನ್ ಇಳಿದಾಗ ಸಕ್ಕರೆ ಬೀಳಲೂಬಹುದು. ಮೊದಲೇ ಸಕ್ಕರೆ ಕಾಯಿಲೆ ಇರುವವರು ಇಂಜೆಕ್ಷನ್ ಶುರುವಾದಾಗ ಮತ್ತು ಅದರ ಪ್ರಮಾಣ ಬದಲಾದಾಗ ಹೆಚ್ಚು ಸಲ ಪರೀಕ್ಷಿಸಿಕೊಳ್ಳಬೇಕು.

ಇಂಜೆಕ್ಷನ್‌ನ ನೋವೂ ಸಣ್ಣದಲ್ಲ. ಔಷಧ ಗಟ್ಟಿ, ಸೂಜಿ ದಪ್ಪ. ಅರ್ಧ ಗಂಟೆಗೂ ಮೊದಲೇ ಫ್ರಿಜ್‌ನಿಂದ ತೆಗೆದಿಟ್ಟು ಕೋಣೆಯ ಶಾಖಕ್ಕೆ ಬರಲು ಬಿಡುವುದು, ಒಂದು ತಿಂಗಳು ಎಡಕ್ಕೆ, ಮುಂದಿನ ತಿಂಗಳು ಬಲಕ್ಕೆ ಹಾಕಿಸಿಕೊಳ್ಳುವುದು ನೆರವಾಗುತ್ತವೆ.

ಇವನ್ನೆಲ್ಲ ‘ಅಡ್ಡ ಪರಿಣಾಮ’ ಎಂದು ಕರೆಯುವುದು ರೂಢಿ. ಆ ಮಾತು ಕೇಳಿದರೆ ಇವು ಎಲ್ಲಿಂದಲೋ ಅಡ್ಡ ಬಂದವು ಎನಿಸುತ್ತದೆ. 1977ರ ಆ ಇಬ್ಬರು ರೋಗಿಗಳನ್ನು ನೆನೆದರೆ ಹಾಗನ್ನಿಸುವುದಿಲ್ಲ. ಇವು ಔಷಧದ ನೇರ ಕೆಲಸವೇ, ನಮಗೆ ಬೇಡದ ಜಾಗದಲ್ಲಿ ನಡೆದದ್ದು. ಹಾಗಾಗಿ ಇವು ರೋಗಿಯ ಕಲ್ಪನೆಯಲ್ಲ, ಪಥ್ಯ ತಪ್ಪಿದ್ದರ ಶಿಕ್ಷೆಯೂ ಅಲ್ಲ. ಕಾಯಿಲೆ ಮತ್ತೆ ಹೆಚ್ಚಿತು ಎಂದು ತಾನಾಗಿ ಅರ್ಥವೂ ಅಲ್ಲ. ಬಚ್ಚಲಿನ ವಿಷಯ ಡಾಕ್ಟರ ಮುಂದೆ ಹೇಗೆ ಹೇಳುವುದು ಎಂದು ನಮ್ಮ ಮನೆಗಳ ಹಿರಿಯರು ಹಿಂಜರಿಯುತ್ತಾರೆ. ‘ಹೊಟ್ಟೆ ಸರಿಯಿಲ್ಲ’ ಎಂದಷ್ಟೇ ಹೇಳಿ ಎದ್ದು ಬರುತ್ತಾರೆ. ಒಂದು ಸಣ್ಣ ಪುಸ್ತಕದಲ್ಲಿ ಇಂಜೆಕ್ಷನ್‌ನ ದಿನಾಂಕ, ಎಷ್ಟು ಸಲ ಹೋಗಬೇಕಾಯಿತು, ಜಿಡ್ಡೋ ನೀರೋ, ತೂಕ ಎಷ್ಟು ಎಂದು ಬರೆದಿಟ್ಟುಕೊಂಡು ಹೋದರೆ ಬಾಯಿಬಿಟ್ಟು ಹೇಳುವ ಸಂಕೋಚ ಅರ್ಧ ಕಳೆಯುತ್ತದೆ. ಪುಸ್ತಕ ನೋಡಿದ ವೈದ್ಯರಿಗೆ ಮೂರು ಭೇದಿಗಳಲ್ಲಿ ಇದು ಯಾವುದೆಂದು ಗುರುತಿಸುವುದೂ ಸುಲಭವಾಗುತ್ತದೆ.