ಅರಮನೆಯ ರೋಗ, ನಮ್ಮ ಮನೆಯ ರೋಗ

ಹಿಮೋಫಿಲಿಯಾ ಅಂದ್ರೆ ರಾಜಮನೆತನದ ರೋಗ ಅಂತ ಓದಿರ್ತೀರಿ. ವಿಕ್ಟೋರಿಯಾ ರಾಣಿಯ ಮಗ ಲಿಯೋಪೋಲ್ಡ್ 1884ರಲ್ಲಿ ಜಾರಿಬಿದ್ದು, 30ನೇ ವಯಸ್ಸಿಗೇ ತೀರಿಕೊಂಡ. ಆಕೆಯ ಮೊಮ್ಮಗಳ ಮಗ, ರಷ್ಯಾದ ಯುವರಾಜ ಅಲೆಕ್ಸಿಗೂ ಇದೇ ಇತ್ತು. ಮಸ್ಕಿ ಹತ್ತಿರದ ರೈತನ ಮಗನಾದ ನನಗೂ ಇದೆ. ರಕ್ತ ಹೆಪ್ಪುಗಟ್ಟಿಸುವ ಎಂಟನೇ ಅಂಶ ನನ್ನ ಮೈಯಲ್ಲಿ ತೀರಾ ಕಡಿಮೆ. ಹೊರಗಿನ ಗಾಯಕ್ಕಿಂತ ಮೊಣಕಾಲು, ಮೊಣಕೈ ಒಳಗೆ ಸೋರೋ ರಕ್ತವೇ ಹೆಚ್ಚು ಕಾಡೋದು.

ಈ ರೋಗದ ಚರಿತ್ರೆ ಬರೆದವರಲ್ಲಿ ನನಗೆ ಹತ್ತಿರದವನು ಅಮೆರಿಕದ ರಾಬರ್ಟ್ ಮ್ಯಾಸಿ. ಮಗನಿಗೆ ಹಿಮೋಫಿಲಿಯಾ ಅಂತ ತಿಳಿದ ಮೇಲೆ ಆತ ಅಲೆಕ್ಸಿಯ ತಂದೆ-ತಾಯಿಯ ಕಥೆ ಹುಡುಕಿಕೊಂಡು ಹೋದ. 1967ರಲ್ಲಿ ‘ನಿಕೋಲಸ್ ಅಂಡ್ ಅಲೆಕ್ಸಾಂಡ್ರಾ’ ಬಂತು. 1975ರಲ್ಲಿ ಗಂಡ-ಹೆಂಡತಿ ಸೇರಿ ತಮ್ಮದೇ ಮನೆಯ ಕಥೆ ‘ಜರ್ನಿ’ ಬರೆದರು. 2012ರಲ್ಲಿ ಮಗನೇ ಆತ್ಮಕಥೆ ಬರೆದ. ಅರಮನೆಯಿಂದ ರೋಗಿಯ ಬಾಯಿಗೆ ಕಥೆ ಬರೋಕೆ 45 ವರ್ಷ ಹಿಡೀತು.

ನಮ್ಮಲ್ಲಿ ಹಂದಿಗೋಡು ಕಾಯಿಲೆ ನೋಡಿ. ಸಾಗರದ ಹತ್ತಿರದ ಆ ಊರಲ್ಲಿ 1970ರ ದಶಕದಲ್ಲಿ ಗಮನಕ್ಕೆ ಬಂತು. ಸೊಂಟ, ಮಂಡಿ ಸವೆದು ಬಡ ಕೂಲಿಕಾರರು ನಡೆಯಲಾರದಾದರು. ಗದ್ದೆಯ ಏಡಿ, ಅದರೊಳಗಿನ ಕ್ರಿಮಿನಾಶಕ ಅಂತ ಮೊದಲು ಅನುಮಾನ ಪಟ್ಟರು. ಆಮೇಲೆ ಅದು ವಂಶದಲ್ಲಿ ಬರೋದು ಅಂತಾಯ್ತು. ವರದಿಯಲ್ಲಿ ಎಲುಬಿನ ಎಕ್ಸ್‌ರೇ ಇರುತ್ತೆ. ಬಯಲಕಡೆಗೆ ಹೋಗೋವಾಗ ಯಾರು ಎತ್ತಿಕೊಂಡ್ರು ಅನ್ನೋದು ಇರಲ್ಲ. ಅದನ್ನ ಅನುಭವಿಸಿದವರೇ ಬರೀಬೇಕು.

ನಾನು ಬರೀತಿದೀನಿ. ಆದರೆ ಈ ರೋಗ ಸಾಮಾನ್ಯವಾಗಿ ತಾಯಿಯಿಂದ ಗಂಡುಮಕ್ಕಳಿಗೆ ಬರೋದು. ಸುಮಾರು ಮೂರರಲ್ಲಿ ಒಬ್ಬರ ಮನೆತನದಲ್ಲಿ ಹಿಂದೆ ಯಾರಿಗೂ ಇರಲ್ಲ, ನಮ್ಮದು ಹಾಗಲ್ಲ. ಅವ್ವನ ಅಣ್ಣ ಹಾಲುಹಲ್ಲು ಬಿದ್ದಾಗ ರಕ್ತ ನಿಲ್ಲದೆ, ಲಿಂಗಸೂಗೂರಿನ ದಾರಿಯಲ್ಲೇ ಹೋದ. ‘ದೇವರ ಕಾಟ’ ಅಂದ್ರು ಮಂದಿ. ಅವ್ವ ವಾಹಕಿ, ತಂಗಿಯೂ ಆಗಿರೋ ಸಾಧ್ಯತೆ ಅರ್ಧಕ್ಕರ್ಧ. ಸಿಂಧನೂರಿನಿಂದ ಗಂಡಿನ ಕಡೆಯವರು ಬಂದು ಹೋಗಿದ್ದಾರೆ. ‘ನಿಂದು ನೀ ಬರ್ಕೋ, ಆಕಿ ಲಗ್ನ ಆಗೋತನಕ ಹೊರಗ ಬಿಡಬ್ಯಾಡ’ ಅಂತಾಳೆ ಅವ್ವ.

1915ರಲ್ಲಿ ಮಸ್ಕಿಯ ಶಾಸನ ಸಿಗೋತನಕ ‘ದೇವಾನಾಂಪ್ರಿಯ’ ಅನ್ನೋ ಬಿರುದಿನ ಹಿಂದಿರೋನು ಅಶೋಕನೇ ಅಂತ ಕಲ್ಲಿನ ಮೇಲೆ ಯಾರೂ ಓದಿರಲಿಲ್ಲ. ಸೋದರಮಾವನ ರೋಗಕ್ಕೂ ಹೆಸರು ಇರಲಿಲ್ಲ. ಕರಡು ಓದಿದ ತಂಗಿ, ‘ಅಣ್ಣ, ನಾ ಪರೀಕ್ಷೆ ಮಾಡಿಸ್ತೀನಿ. ಅವರಿಗೂ ನಾನೇ ಹೇಳ್ತೀನಿ. ಅಲ್ಲೀತನಕ ತಡಿ’ ಅಂದಿದ್ದಾಳೆ. ತಡೀತೀನಿ. ಆದರೆ ಮಾವನ ಅಧ್ಯಾಯ ತೆಗೆಯಲ್ಲ.