ಮೂಲವೂ ನಕಲೂ

ಚಿಂಚೋಳಿಗೆ ಹೊಂದಿಕೊಂಡ ಚಂದಾಪುರವೂ, ಸೇಡಂ, ಚಿತ್ತಾಪುರ, ಶಹಾಬಾದ ಸೀಮೆಗಳೂ 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದವು. 1853ರಿಂದ 1883ರವರೆಗೆ ದಿವಾನನಾಗಿದ್ದ ಮೊದಲನೆಯ ಸಾಲಾರ್ ಜಂಗನು ಕಂದಾಯದ ಗುತ್ತಿಗೆಪದ್ಧತಿಯನ್ನು ಕುಗ್ಗಿಸಿ ಭೂಮಾಪನಕ್ಕೆ ಅಸ್ತಿಭಾರವನ್ನಿಟ್ಟ ತರುವಾಯ, ಇಲ್ಲಿಯ ಹೊಲಗಳು ಕ್ರಮಕ್ರಮವಾಗಿ ಸರ್ವೆ ನಂಬರುಗಳನ್ನು ಪಡೆದು ಪಟವಾರಿಯ ದಫ್ತರದಲ್ಲಿ ನೆಲೆಗೊಂಡವು. ರೈತನ ಕೈಯಲ್ಲಿ ಪಹಣಿಯ ನಕಲುಗಳು ಎಷ್ಟಿದ್ದರೇನು? ನಕಲಿನ ಮೇಲೆ ಹೆಸರನ್ನು ತಿದ್ದಿದ ಮಾತ್ರಕ್ಕೆ ದಫ್ತರದಲ್ಲಿಯ ಹೆಸರು ಬದಲಾಗದು. ನಂಬರನ್ನು ಹಿಡಿದು ಮೂಲ ದಫ್ತರದ ಆ ಕಲಮನ್ನೇ ತಲುಪಿ ಮುಟೇಶನ್ ಮಾಡಿದರೆ ಮಾತ್ರ ಬದಲಾದೀತು.

ಗಣಕಯಂತ್ರದ ಸ್ಮೃತಿಯೂ ಸಂಖ್ಯಾಂಕಿತ ಕೋಶಗಳ ಇಂತಹುದೇ ಒಂದು ದಫ್ತರ. ವಿಳಾಸವನ್ನು ಹಿಡಿದು ಮೌಲ್ಯವನ್ನು ತಲುಪುವ ವಿಚಾರವನ್ನು 1955ರಲ್ಲಿಯೇ ಕೀವ್ ನಗರದ ಕತೇರಿನಾ ಯುಶ್ಚೆಂಕೊ ತಮ್ಮ ಕ್ರಮವಿಧಿಭಾಷೆಗೆ ಆಧಾರವಾಗಿಸಿದ್ದರು. ಮಾರ್ಟಿನ್ ರಿಚರ್ಡ್ಸರ ಬಿಸಿಪಿಎಲ್, ಕೆನ್ ಥಾಂಪ್ಸನ್ನರ ಬಿ ಎಂಬ ಭಾಷೆಗಳ ವಂಶದಲ್ಲಿ, 1972ರ ಸುಮಾರಿಗೆ ಡೆನಿಸ್ ರಿಚಿಯವರು ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಸಿ ಭಾಷೆಯು ಈ ವಿಚಾರವನ್ನು ಲೋಕಪ್ರಸಿದ್ಧಗೊಳಿಸಿತು. ಅದರಲ್ಲಿ ಫಂಕ್ಷನ್ನಿಗೆ ದೊರೆಯುವುದು ಮೌಲ್ಯದ ನಕಲು ಮಾತ್ರ. ಆದುದರಿಂದ 5 ಮತ್ತು 8ನ್ನು ಧರಿಸಿದ ಎರಡು ಚರಗಳನ್ನು ಅದಲುಬದಲು ಮಾಡೆಂದು ಕೊಟ್ಟರೆ, ಅದು ತನ್ನ ನಕಲುಗಳನ್ನೇ ಬದಲಿಸಿ ಮುಗಿಸುತ್ತದೆ, ಹೊರಗಿನ ಚರಗಳು ಯಥಾಸ್ಥಿತಿಯಲ್ಲಿ ಉಳಿಯುತ್ತವೆ. ಆಂಪರ್ಸಂಡ್ ಚಿಹ್ನೆಯಿಂದ ಪಡೆದ ವಿಳಾಸಗಳನ್ನು ಪಾಯಿಂಟರುಗಳಲ್ಲಿ, ಎಂದರೆ ವಿಳಾಸವನ್ನೇ ಧರಿಸುವ ಚರಗಳಲ್ಲಿ, ಇರಿಸಿ ಕೊಟ್ಟೆವೆನ್ನಿ: ವಿಳಾಸವೂ ನಕಲಾಗಿಯೇ ಹೋಗುತ್ತದೆ, ಆದರೆ ವಿಳಾಸದ ನಕಲು ತಲುಪುವುದು ಮೂಲಕೋಶವನ್ನೇ, ನಕ್ಷತ್ರಚಿಹ್ನೆಯನ್ನು ಹಚ್ಚಿ ಅಲ್ಲಿ ಬರೆದೊಡನೆ ಮೂಲಚರವೇ ಬದಲಾಗುತ್ತದೆ. ನಕ್ಷತ್ರವಿಲ್ಲದೆ ಪಾಯಿಂಟರಿಗೆ ಬೇರೊಂದು ವಿಳಾಸವನ್ನು ಕೊಟ್ಟರೆ ಹೊಲವು ಬದಲಾಗುವುದಿಲ್ಲ, ಪಾಯಿಂಟರೆಂಬ ಚೀಟಿಯಲ್ಲಿಯ ನಂಬರು ಮಾತ್ರ ನೆರೆಯವನ ಹೊಲಕ್ಕೆ ತಿರುಗುತ್ತದೆ.

1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. ಆನುವಂಶಿಕ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಕಾನೂನು 1961ರಲ್ಲಿಯೂ, ಭೂಕಂದಾಯ ಕಾಯಿದೆ 1964ರಲ್ಲಿಯೂ ಬಂದವು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯು ರಾಜ್ಯದ 177 ತಾಲೂಕುಗಳ ಪಹಣಿಗಳನ್ನು ಗಣಕಕ್ಕೇರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಿ, ಮೂಲವನ್ನು ತಿದ್ದುವ ಅಧಿಕಾರಿಯು ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕೆಂದು ವಿಧಿಸಿತು. ಮೂಲವನ್ನು ಮುಟ್ಟುವ ಕೈಗೆ ಕಾವಲು ಬೇಕೆಂಬುದನ್ನು ಕಂದಾಯದ ಇತಿಹಾಸವು ಒಂದೂವರೆ ಶತಮಾನದಲ್ಲಿ ಕಲಿತಿತು. ಸಿ ಭಾಷೆಯಲ್ಲಿ ಅಂತಹ ಕಾವಲಿಲ್ಲ. ವಿಳಾಸವನ್ನು ತುಂಬದ ಪಾಯಿಂಟರಿನ ಮೂಲಕ ಬರೆದರೆ ಯಾರ ಕೋಶವು ಕೆಡುವುದೆಂದು ಹೇಳಬರುವುದಿಲ್ಲ. ಆ ಹೊಣೆಯನ್ನು ಭಾಷೆಯು ಬರೆಯುವವನಿಗೇ ಬಿಟ್ಟಿದೆ.